ಕಾಂತೇಶನ ಬರಿದಲೆ

ಸೊಲ್ಲಾಪುರ ಜಿಲ್ಲೆಯ ಮಕ್ಕಳಿಗೆ ಬಿಸಿಲಿನಿಂದ ಕಾಪಾಡಿಕೊಳ್ಳುವುದು ಹೇಗೆಂದು ಪಾಠ ಹೇಳಿರಿ ಎಂಬ ಆದೇಶ ಬಂದಾಗ ಶುಭಾಂಗಿಗೆ ನಗು ಬರಬೇಕಿತ್ತು. ಬರಲಿಲ್ಲ. ನಗುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕು. ಏಪ್ರಿಲ್ ತಿಂಗಳ ಬೆಳಗಿನ ಸಾಲಿ ಅಂದರೆ ಕತ್ತಲಲ್ಲೇ ಎದ್ದು ರೊಟ್ಟಿ ಬಡಿದು, ಸೊಲ್ಲಾಪುರದಿಂದ ಅಕ್ಕಲಕೋಟದ ಬಸ್ಸು ಹಿಡಿದು, ಅಲ್ಲಿ ಇಳಿದು ಮೈಂದರ್ಗಿಯ ಬಸ್ಸು ಹಿಡಿದು, ಅದನ್ನೂ ನಡುವೆ ದಾರಿ ಒಡೆಯುವ ಫಾಟಾದಲ್ಲಿ ಬಿಟ್ಟು, ಒಳಗಿನ ಊರಿಗೆ ಕಾಲೆಳೆದುಕೊಂಡು ನಡೆಯುವುದು. ಸಾಲಿಯ ಬಾಗಿಲು ಮುಟ್ಟುವಷ್ಟರಲ್ಲಿ ಅವಳ ಅರ್ಧ ಜೀವ ದಾರಿಗೇ ಖರ್ಚಾಗಿರುತ್ತಿತ್ತು. ಉಳಿದ ಅರ್ಧದಲ್ಲಿ ಕನ್ನಡ, ಗಣಿತ, ಪರಿಸರ, ಮಧ್ಯಾಹ್ನದ ಖಿಚಡಿಯ ಉಸ್ತುವಾರಿ, ಈಗ ಇದರ ಮೇಲೆ ಬಿಸಿಲು.

ಪರೀಕ್ಷೆಗಳನ್ನು ಏಪ್ರಿಲ್ ಕೊನೆಯವರೆಗೆ ಎಳೆದವರೂ ಮೇಲಿನವರೇ, ಎಳೆದಾದ ಮೇಲೆ ಮಕ್ಕಳಿಗೆ ಝಳ ತಾಗದಂತೆ ನೋಡಿಕೊಳ್ಳಿರಿ ಎಂದವರೂ ಅವರೇ. ಆದೇಶ ಮರಾಠಿಯಲ್ಲಿತ್ತು. ಶುಭಾಂಗಿ ಅದನ್ನು ಕನ್ನಡಕ್ಕೆ ತಿರುಗಿಸಿ ಹಲಗೆಯ ಮೇಲೆ ಬರೆದು, ಐದನೆಯ ಇಯತ್ತೆಯ ಮಕ್ಕಳಿಂದ ಹಾಡು ಹೇಳಿಸಿದಂತೆ ಹೇಳಿಸಿದಳು. ನೀರಡಿಕೆ ಆಗುವ ಮೊದಲೇ ನೀರು ಕುಡಿಯಬೇಕು. ಹೊರಗೆ ಹೋಗುವಾಗ ತಲೆ ಮುಚ್ಚಿಕೊಳ್ಳಬೇಕು. ಕಣ್ಣು ಕತ್ತಲೆ ಬಂದರೆ ನೆರಳಿಗೆ ಕೂಡಬೇಕು, ಸುಮ್ಮನಿರದೆ ದೊಡ್ಡವರಿಗೆ ಹೇಳಬೇಕು. ಮತ್ತೇನು ಮಾಡಬೇಕು ಎಂದು ಕೇಳಿದ್ದಕ್ಕೆ ಅರ್ಧ ವರ್ಗ ಒಂದೇ ದನಿಯಲ್ಲಿ, ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳಬೇಕು ಅಂದಿತು. ಇಬ್ಬರು ತೆಗೆದು ತೋರಿಸಿಯೂ ತೋರಿಸಿದರು. ಆದೇಶದಲ್ಲಿ ಉಳ್ಳಾಗಡ್ಡಿಯ ಸುದ್ದಿ ಇರಲಿಲ್ಲ. ಇರಲಿ, ಅದೂ ಇರಲಿ, ನೀರು ಮಾತ್ರ ಮರೆಯಬೇಡಿ ಎಂದು ಹೇಳಿ, ಅಂದಿನಿಂದ ನೀರು ಕುಡಿಯುವುದಕ್ಕೇ ಒಂದು ಗಂಟೆ ಹೊಡೆಸುವ ಪದ್ಧತಿ ಹಾಕಿದಳು. ಅಷ್ಟರ ಮಟ್ಟಿಗೆ ಅವಳು ಒಳ್ಳೆಯ ಮಾಸ್ತರಿಣಿಯೇ.

ಪಾಠ ಹೇಳಿದರೆ ಸಾಲದು, ಹೇಳಿದ್ದಕ್ಕೆ ಫೋಟೋ ಬೇಕು. ಎಲ್ಲ ಮಕ್ಕಳ ತಲೆ ಮುಚ್ಚಿರಬೇಕು, ಮುಖ ಕಾಣಬೇಕು, ಹಿಂದೆ ಸಾಲಿಯ ಹೆಸರಿನ ಫಲಕ ಕಾಣಬೇಕು. ಮುಖ್ಯಾಧ್ಯಾಪಕ ಬಸಯ್ಯ ಸರ್ ಇದನ್ನು ಹೇಳುವಾಗ ತಾವೇ ದಣಿದು ಗೋಡೆಗೆ ಒರಗಿದ್ದರು. ಟೋಪಿ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಶುಭಾಂಗಿಯ ಗಂಡ ನಿತಿನ ಉತ್ತರವಾದ. ಸೊಲ್ಲಾಪುರದಲ್ಲಿ ಅವರದು ಮೂರು ತಲೆಮಾರಿನ ಟಾವೆಲು, ಚಾದರು, ಟೋಪಿಗಳ ಸಗಟು ಅಂಗಡಿ. ದೀಪಾವಳಿಯಿಂದ ಮಾರಾಟವಾಗದೆ ಕೊಳೆಯುತ್ತಿದ್ದ ಎರಡು ಬಣ್ಣದ ಟೋಪಿಗಳ ಗಂಟನ್ನೇ ಅವನು ಎತ್ತಿಕೊಟ್ಟ. ಧರ್ಮವೂ ಆಯಿತು, ಗೋಡೌನೂ ಖಾಲಿಯಾಯಿತು ಎಂದು ಅವನಿಗೆ ಸಂತೋಷ. ಆ ಗಂಟನ್ನು ಎರಡು ಬಸ್ಸು ಹತ್ತಿಸಿ ಇಳಿಸಿದವಳು ಶುಭಾಂಗಿ.

ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಟೋಪಿ ಹಂಚುತ್ತ ಬಂದಾಗ ಕಾಂತೇಶ ಕೈ ಹಿಂದಕ್ಕೆ ಕಟ್ಟಿಕೊಂಡ. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಊರ ಹೊರಗೆ ಹೊಲದಲ್ಲಿರುವ ವಸ್ತಿಯಿಂದ ನಡೆದು ಬರುವವನು.

"ನಾ ಹಾಕ್ಕೊಳೂದಿಲ್ರಿ ಬಾಯಾರ" ಅಂದ.

ಯಾಕೆ ಎಂದು ಕೇಳಬೇಕಾಗಲಿಲ್ಲ. ಪಕ್ಕದ ಹುಡುಗಿಯೇ ಹೇಳಿದಳು: ಅವರ ಅಪ್ಪ ತೀರಿಕೊಂಡಿದ್ದಾನೆ, ಅವರ ಮಾಮಾ ಇನ್ನೂ ಟಾವೆಲ್ ಕಟ್ಟಿಲ್ಲ. ಶುಭಾಂಗಿಗೆ ಎಲ್ಲ ಗೊತ್ತಿತ್ತು. ಕಾಂತೇಶನ ತಂದೆ ಕಲ್ಲಣ್ಣ ಶಿವರಾತ್ರಿಯ ಸುಮಾರಿಗೆ ಕಾಮಣಿ ಬೇನೆಯಾಗಿ ಸೊಲ್ಲಾಪುರದ ದವಾಖಾನೆಯಲ್ಲಿ ಸತ್ತದ್ದೂ ಗೊತ್ತಿತ್ತು, ಈ ಕಡೆಯ ಒಕ್ಕಲು ಮನೆಗಳ ಪದ್ಧತಿಯೂ ಗೊತ್ತಿತ್ತು. ತಂದೆ ಸತ್ತ ಮಗ ತಲೆಯ ಮೇಲೆ ಏನನ್ನೂ ಇಡುವಂತಿಲ್ಲ, ಸುತ್ತುವಂತಿಲ್ಲ. ತಾಯಿಯ ತವರಿನಿಂದ ಸೋದರಮಾವ ಬರಬೇಕು, ಹೊಸ ಬಟ್ಟೆಯ ಆಯೇರಿ ತರಬೇಕು, ಹುಡುಗನ ತಲೆಗೆ ಹೊಸ ಟಾವೆಲ್ ಸುತ್ತಿ ಕೈ ಹಿಡಿದು ಹೊಸ್ತಿಲು ದಾಟಿಸಬೇಕು. ಅಲ್ಲಿಗೆ ದುಃಖ ಕಳೆಯಿತು ಎಂದು ಲೆಕ್ಕ. ಅವಳ ಮಾವನವರು ತೀರಿಕೊಂಡಾಗ ನಿತಿನನಿಗೂ ವಿಜಯಪುರದಿಂದ ಅವನ ಸೋದರಮಾವ ಬಂದು ಪಟಗಾ ಸುತ್ತಿದ್ದ. ಅಲ್ಲಿಯವರೆಗೆ ಟೋಪಿಗಳ ಅಂಗಡಿಯ ಮಾಲಕ ಬರಿದಲೆಯಲ್ಲೇ ಗಲ್ಲೆಯ ಮೇಲೆ ಕುಳಿತಿದ್ದ.

ಗೊತ್ತಿದ್ದೂ ಮಾಡಿದಳು ಎಂಬುದೇ ಇಲ್ಲಿಯ ಮಾತು. ಬಿಸಿಲು ಏರುತ್ತಿತ್ತು, ಸಣ್ಣ ಮಕ್ಕಳು ಕಾಲು ಬದಲಿಸುತ್ತಿದ್ದರು, ಬಸಯ್ಯ ಸರ್ ಮೊಬೈಲು ಹಿಡಿದು ಒಂದು ಕಣ್ಣು ಮುಚ್ಚಿದ್ದರು. ಕಾಂತೇಶನನ್ನು ಸಾಲಿನಿಂದ ಹೊರಗೆ ನಿಲ್ಲಿಸಬಹುದಿತ್ತು. ಆದರೆ ಹಾಜರಿಗಿಂತ ಫೋಟೋದಲ್ಲಿ ಒಂದು ತಲೆ ಕಡಿಮೆ ಬಿದ್ದರೆ ಮತ್ತೆ ಅದಕ್ಕೊಂದು ಉತ್ತರ ಬರೆಯಬೇಕು. ಆ ಉತ್ತರ ಬರೆಯುವ ದಣಿವು ಅವಳ ಕಣ್ಣ ಮುಂದೆ ಬಂತು.

"ಒಂದ ನಿಮಿಷ ಹಾಕ್ಕೋ. ಫೋಟೋ ಆದ ಕೂಡ್ಲೆ ತಗದಬಿಡು" ಅಂದಳು.

ಅವನು ಅವಳ ಮುಖ ನೋಡಿದ. ಸಾಲಿಯ ಬಾಯಾರು ಹೇಳಿದ ಮೇಲೆ ಇಲ್ಲವೆನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ತಾನೇ ಹಾಕಿಕೊಳ್ಳಲಿಲ್ಲ, ಕುತ್ತಿಗೆ ಬಗ್ಗಿಸಿ ನಿಂತ. ಅವಳೇ ಇಟ್ಟಳು. ಫೋಟೋ ತೆಗೆದಾಯಿತು. ಅವನು ಟೋಪಿಯನ್ನು ತೆಗೆದು ಧೂಳು ಜಾಡಿಸಿ ಅವಳ ಕೈಗೇ ಕೊಟ್ಟು ಒಳಗೆ ಹೋದ. ಶುಭಾಂಗಿ ಅದನ್ನು ಅಷ್ಟಕ್ಕೇ ಮರೆತಳು.

ಮರೆಯದೆ ಇದ್ದದ್ದು ಫೋಟೋ. ಬಸಯ್ಯ ಸರ್ ಅದನ್ನು ಮೇಲಿನವರಿಗೆ ಕಳಿಸಿದರು, ಪಾಲಕರ ವಾಟ್ಸಾಪ್ ಗುಂಪಿಗೂ ಹಾಕಿದರು. ಗುಂಪಿನಲ್ಲಿದ್ದವರು ತಮ್ಮ ತಮ್ಮ ಮಕ್ಕಳ ಮುಖ ಕಂಡ ಹಿಗ್ಗಿನಲ್ಲಿ ಬೀಗರಿಗೆ ಕಳಿಸಿದರು, ಬೀಗರು ತಮ್ಮ ಬೀಗರಿಗೆ. ಈ ಕಡೆ ಬಸ್ಸುಗಳು ತಡವಾಗುತ್ತವೆ, ಫೋಟೋಗಳು ಆಗುವುದಿಲ್ಲ.

ಎರಡು ದಿನ ಬಿಟ್ಟು ಸಾಲಿ ಬಿಡುವ ಹೊತ್ತಿಗೆ ಕಾಂತೇಶನ ಅಜ್ಜಿ ಲಕ್ಷ್ಮೀಬಾಯಿ ಬಂದಳು. ಸತ್ತ ಕಲ್ಲಣ್ಣನ ತಾಯಿ. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ಶುಭಾಂಗಿ ಎದ್ದು ನಿಂತಳು. ಮುದುಕಿ ಜಗಳಕ್ಕೆ ಬಂದಿರಲಿಲ್ಲ. ಪಡಸಾಲೆಯ ನೆರಳಲ್ಲಿ ಕಾಲು ಚಾಚಿ ಕುಳಿತು, ಕೊಟ್ಟ ನೀರು ಕುಡಿದು, ಊರ ಮಾತು ಹೇಳುವವಳ ಹಾಗೆ ತನ್ನ ಮನೆಯ ಮಾತು ಹೇಳಿದಳು. ಹುಡುಗನ ಸೋದರಮಾವ ಕುಂಭಾರಿಯ ಧೂಳಪ್ಪ. ಸೊಸೆ ದ್ರೌಪದಿಗೆ ಒಬ್ಬನೇ ಅಣ್ಣ. ಎರಡು ವರ್ಷದ ಹಿಂದೆ ಅವನ ಮಗಳ ನಿಶ್ಚಿತಾರ್ಥಕ್ಕೆ ಕುಂಕುಮ ಹಿಡಿದು ಮನೆಗೆ ಬಂದು ಕರೆಯದೆ ಮೊಬೈಲಿನಲ್ಲಿ ಕಾರ್ಡು ಕಳಿಸಿದ. ಕಲ್ಲಣ್ಣ ಹೋಗಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಅಲ್ಲಿಂದ ಮಾತು ನಿಂತಿತು. ಕಲ್ಲಣ್ಣ ಸತ್ತ ದಿನ ಧೂಳಪ್ಪ ಬಂದ, ದೂರ ನಿಂತ, ಒಂದು ಗುಟುಕು ನೀರು ಮುಟ್ಟದೆ ಹೋದ. ಕೊನೆಗೆ ನಾಲ್ಕು ಜನ ಹೇಳಿ ಕೇಳಿ ಆಯೇರಿಗೆ ಬರಲು ಒಪ್ಪಿಸಿದ್ದರು. ಬಟ್ಟೆಯನ್ನೂ ತಂದಿಟ್ಟಿದ್ದನಂತೆ. ಅಷ್ಟರಲ್ಲಿ ಅವನ ಮೊಬೈಲಿಗೆ ಈ ಫೋಟೋ ಹೋಯಿತು. ಅಳಿಯನ ತಲೆಯ ಮೇಲೆ ಟೋಪಿ.

ನನ್ನನ್ನು ಬಿಟ್ಟು ಯಾರಿಂದಲೋ ಮುಗಿಸಿಕೊಂಡಿದ್ದಾರೆ, ಇನ್ನು ನಾನು ಯಾತಕ್ಕೆ ಎಂದು ಧೂಳಪ್ಪ ಹೇಳಿ ಕಳಿಸಿದ್ದ. ಶುಭಾಂಗಿ ಗಾಬರಿಯಾಗಿ, ಅದು ಒಂದೇ ನಿಮಿಷದ ಮಾತು, ಕ್ಲಿಕ್ ಅಂದ ಮೇಲೆ ಅವನು ತೆಗೆದೇಬಿಟ್ಟ ಎಂದಳು. ಲಕ್ಷ್ಮೀಬಾಯಿ ತಲೆಯಾಡಿಸಿದಳು.

"ನೀವು ಇಟ್ಟದ್ದು ಒಂದ ಗಳಿಗಿ ಇರಬೇಕ್ರಿ ಬಾಯಾರ. ಫೋಟೋದಾಗ ಅದು ಹಂಗ ಉಳದೈತ್ರಿ."

ಬೇರೆ ಯಾರಾದರೂ ಹಿರಿಯರು ಕಟ್ಟಿದರೆ ಆಗದೇ ಎಂದು ಕೇಳಿದಳು. ಆಗುತ್ತದೆ, ತವರಿನಲ್ಲಿ ಯಾರೂ ಉಳಿಯದವರಿಗೆ ಹಾಗೆ ಮಾಡುವುದುಂಟು ಎಂದಳು ಮುದುಕಿ. ಆದರೆ ದ್ರೌಪದಿ ಒಪ್ಪುವುದಿಲ್ಲ. ಬೇರೆಯವರ ಕೈಯಿಂದ ಕಟ್ಟಿಸಿದರೆ ಅಣ್ಣನ ಬಾಗಿಲು ಕಾಯಂ ಮುಚ್ಚಿದಂತೆ. ಗಂಡನೂ ಹೋಗಿ ಅಣ್ಣನೂ ಹೋದರೆ ಅವಳು ಯಾರ ಮುಖ ನೋಡಬೇಕು? ಹೀಗಾಗಿ ಮಗನ ತಲೆಯನ್ನು ಬರಿದೇ ಇಟ್ಟು ದಾರಿ ಕಾಯುತ್ತಿದ್ದಾಳೆ. ಇತ್ತ ಸೊಲ್ಲಾಪುರದ ಬಿಸಿಲು ಯಾರ ಮುನಿಸು ಮುಗಿಯುವುದನ್ನೂ ಕಾಯುವುದಿಲ್ಲ. ದಿನ ದಿನಕ್ಕೆ ಏರುತ್ತಲೇ ಇತ್ತು. ಹುಡುಗ ಮಾತ್ರ ಮಟಮಟ ಮಧ್ಯಾಹ್ನ, ಒಂದು ಗಿಡದ ನೆರಳಿಲ್ಲದ ಎರೆಹೊಲದ ದಾರಿಯಲ್ಲಿ ಬರಿದಲೆಯಲ್ಲೇ ಮನೆಗೆ ಹೋಗುತ್ತಿದ್ದ.

ಛತ್ರಿ ಹಿಡಿಯಬಹುದೇ ಎಂದು ಕೇಳಿದಳು ಶುಭಾಂಗಿ. ಧಾರಾಳವಾಗಿ, ಅದು ತಲೆಗೆ ತಾಗುವುದಿಲ್ಲವಲ್ಲ ಎಂದಳು ಲಕ್ಷ್ಮೀಬಾಯಿ. ಮರುದಿನವೇ ಶುಭಾಂಗಿ ತನ್ನ ಛತ್ರಿಯನ್ನು ಕಾಂತೇಶನಿಗೆ ಕೊಟ್ಟು, ಗೇಟಿನಲ್ಲಿ ನಿಂತು ನೋಡಿದಳು. ಅವನು ಅದನ್ನು ಬಿಚ್ಚಲಿಲ್ಲ, ಬಗಲಲ್ಲಿ ಇರುಕಿಕೊಂಡು ನಡೆದ. ಹೂವಿನ ಚಿತ್ತಾರದ ಹೆಂಗಸರ ಛತ್ರಿ, ಹುಡುಗರು ನಕ್ಕಾರು ಎಂದು ನಾಚಿಕೊಂಡಿರಬೇಕು ಎಂದುಕೊಂಡು, ಮರುದಿನ ನಿತಿನನ ಕರಿ ಛತ್ರಿ ತಂದಳು. ಅದೂ ಬಗಲಿಗೇ ಹೋಯಿತು. ಯಾಕೋ ಬಿಚ್ಚೂದಿಲ್ಲ ಎಂದು ಕೇಳಿದರೆ ನೆಲ ನೋಡಿದ. ಹಟಮಾರಿ ಹುಡುಗ, ಮನೆಯವರ ಹಾಗೇ ಎಂದು ಅವಳಿಗೆ ಸಿಟ್ಟು ಬಂತು. ಸಿಟ್ಟು ಮಾಡಿಕೊಂಡು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಸೊಲ್ಲಾಪುರದವರೆಗೆ ಮಲಗಿದಳು.

ಗಣಿತದ ಪರೀಕ್ಷೆಯ ದಿನ ಹುಡುಗನ ಮೂಗಿನಿಂದ ರಕ್ತ ಬಂತು. ಉತ್ತರ ಪತ್ರಿಕೆಯ ಮೇಲೆ ಒಂದು ಹನಿ ಬಿತ್ತು, ಅದನ್ನು ಅಂಗಿಯ ತೋಳಿನಿಂದ ಒರೆಸಿ ಮತ್ತೆ ಬರೆಯತೊಡಗಿದ. ಪಕ್ಕದವನು ಕೂಗಿದಾಗಲೇ ಶುಭಾಂಗಿಗೆ ಕಂಡದ್ದು. ಅವನನ್ನು ಎಬ್ಬಿಸಿ ಪಡಸಾಲೆಯಲ್ಲಿ ಕೂಡಿಸಿ, ಮುಂದಕ್ಕೆ ಬಗ್ಗಿಸಿ ಮೂಗು ಒತ್ತಿ ಹಿಡಿದಳು. ಮೈ ಕಾದಿತ್ತು, ನೆತ್ತಿ ಮುಟ್ಟಿದರೆ ಬಿಸಿ ಹಂಚನ್ನು ಮುಟ್ಟಿದಂತಾಯಿತು. ಕಣ್ಣಿಗೆ ಕತ್ತಲೆ ಬರುತ್ತದೆಯೇ ಎಂದು ಕೇಳಿದಳು. ನಾಲ್ಕು ದಿನದಿಂದ ಬರುತ್ತದೆ ಎಂದ. ದೊಡ್ಡವರಿಗೆ ಹೇಳಬೇಕೆಂದು ಪಾಠದಲ್ಲಿ ಹೇಳಿಕೊಟ್ಟಿರಲಿಲ್ಲವೇ ಎಂದು ಅವಳು ಗದರಿದಳು. ಗದರುವಾಗಲೇ ಅವಳಿಗೆ ತನ್ನ ದನಿ ಅಸಹ್ಯವಾಯಿತು. ದೊಡ್ಡವರು ಅಂದರೆ ಯಾರು? ದೊಡ್ಡವರೆಲ್ಲ ಅವನ ತಲೆಯ ಮೇಲೆಯೇ ಪಂಚಾಯಿತಿ ಹೂಡಿ ಕುಳಿತಿದ್ದಾರೆ, ಅವರಲ್ಲಿ ತಾನೂ ಒಬ್ಬಳು.

ಅಂದು ಬಸಯ್ಯ ಸರ್ ಅವನನ್ನು ತಮ್ಮ ಮೋಟರ್ ಸೈಕಲ್ಲಿನಲ್ಲಿ ಮನೆಗೆ ಬಿಟ್ಟು ಬಂದರು. ಪರೀಕ್ಷೆಯನ್ನೇ ಬಿಡಿಸಿ ಮನೆಯಲ್ಲಿ ಇರಿಸಿಕೊಳ್ಳಿ ಎಂದು ಹೇಳಿದರೆ ದ್ರೌಪದಿ ಒಳಗಿನಿಂದಲೇ, ಅವರಪ್ಪನಿಗೆ ಮಗನ ಸಾಲಿ ತಪ್ಪಿದರೆ ಸೇರುತ್ತಿರಲಿಲ್ಲ ಎಂದು ಹೇಳಿ ಕಳಿಸಿದಳಂತೆ. ಬಸಯ್ಯ ಸರ್ ದಿನಾ ಬಿಡುವಂತಿರಲಿಲ್ಲ, ಮರುದಿನದಿಂದ ಅವರಿಗೆ ಅಕ್ಕಲಕೋಟದಲ್ಲಿ ಎಂಥದೋ ತರಬೇತಿ. ಪರೀಕ್ಷೆಗಳು ಇನ್ನೂ ಒಂದು ವಾರ ಇದ್ದವು.

ಶುಭಾಂಗಿ ಅಂದು ಬಸ್ಸಿನಲ್ಲಿ ಮಲಗಲಿಲ್ಲ. ಕುಂಭಾರಿ ಬಂದಾಗ ಇಳಿದುಬಿಟ್ಟಳು. ದಿನಾ ಎರಡು ಸಲ ದಾಟಿ ಹೋಗುವ ಊರು, ಒಂದು ದಿನವೂ ಇಳಿದಿರಲಿಲ್ಲ. ಧೂಳಪ್ಪನ ಮನೆ ಕೇಳಿಕೊಂಡು ಹೋದಾಗ ಅವನು ಉಂಡು ಅಡ್ಡಾಗಿದ್ದವನು ಎದ್ದು ಅಂಗಿ ಹಾಕಿಕೊಂಡು ಬಂದ. ನಡುವಯಸ್ಸಿನ, ಭಾರದ ಮನುಷ್ಯ. ಅವಳು ಅಂದುಕೊಂಡ ಹಾಗೆ ಹುರಿಮೀಸೆಯ ದರ್ಪಿಷ್ಠನೇನೂ ಆಗಿರಲಿಲ್ಲ. ಫ್ಯಾನನ್ನು ಅವಳ ಕಡೆ ತಿರುಗಿಸಿದ, ಮಜ್ಜಿಗೆ ತರಿಸಿದ. ಬಂದ ಕಾರಣ ಕೇಳಿದ.

ತಪ್ಪು ತನ್ನದು, ಮನೆಯವರದಲ್ಲ ಎಂದು ಶುಭಾಂಗಿ ಹೇಳಿದಳು. ಹುಡುಗ ಒಲ್ಲೆನೆಂದ, ತಾನು ಕೇಳಲಿಲ್ಲ. ಅವನ ಮೂಗಿನಿಂದ ರಕ್ತ ಬಂದದ್ದನ್ನೂ ಹೇಳಿದಳು. ಅದನ್ನು ಕೇಳಿ ಧೂಳಪ್ಪನ ಮುಖ ಬಿಗಿಯಿತು. ಒಳಗೆ ಹೋಗಿ ಒಂದು ಗಂಟು ತಂದು ಅವಳ ಮುಂದೆ ಇಟ್ಟ. ಹೊಸ ಟಾವೆಲು, ಅಂಗಿಯ ಬಟ್ಟೆ, ತಂಗಿಗೆಂದು ತಂದ ಬಿಳಿಯಂಚಿನ ಸೀರೆ. ತಾನು ಬರುವವನೇ ಇದ್ದೆ ಎಂದ. ನಿಶ್ಚಿತಾರ್ಥಕ್ಕೆ ಮೊಬೈಲಿನಲ್ಲಿ ಕರೆದದ್ದು ತನ್ನ ತಪ್ಪೇ, ಕೆಲಸದ ಗಡಿಬಿಡಿಯಲ್ಲಿ ಆಗಿಹೋಯಿತು, ಕಲ್ಲಣ್ಣ ಬದುಕಿದ್ದಾಗಲೇ ಅದನ್ನು ಒಪ್ಪಿಕೊಳ್ಳಬೇಕಾಗಿತ್ತು ಎಂದೂ ಹೇಳಿದ. ಹೇಳುವಾಗ ಅವನ ದನಿ ಇಳಿದಿತ್ತು. ಆದರೆ ಆ ಫೋಟೋ ಬಂದ ಮೇಲೆ ಬೀಗರೆಲ್ಲ ಫೋನು ಮಾಡಿ ಕೇಳಿದರು, ನೀನು ಜೀವಂತ ಇರುವಾಗಲೇ ನಿನ್ನ ಅಳಿಯನಿಗೆ ಟೋಪಿ ಇಟ್ಟವರು ಯಾರು ಎಂದು. ತಂಗಿ ತನ್ನನ್ನು ಸತ್ತವರ ಲೆಕ್ಕಕ್ಕೆ ಹಾಕಿದಳು ಎಂದು ಅವನಿಗೆ ಅನ್ನಿಸಿತ್ತು.

"ನೀವು ನನಗ ಒಬ್ಬಾಂವಗ ಹೇಳಿದರ ಏನಾತ್ರಿ? ಫೋಟೋ ಎಲ್ಲೆಲ್ಲಿ ಬಂತೋ ಅಲ್ಲೇ ಖರೇ ಮಾತು ಬರೀರಿ. ನಾ ಸೋಮವಾರ ಬರ್ತೀನಿ" ಎಂದ.

ಅವನು ಕೇಳಿದ್ದು ಸಣ್ಣ ಮಾತು ಎಂದು ಅವನಿಗೆ ಅನ್ನಿಸಿರಬೇಕು. ಶುಭಾಂಗಿಗೆ ಅದರ ತೂಕ ಗೊತ್ತಿತ್ತು. ಬಸ್ ಸ್ಟಾಪಿನಿಂದಲೇ ಬಸಯ್ಯ ಸರ್‌ಗೆ ಫೋನು ಮಾಡಿದಳು. ಅವರು ಬೆಚ್ಚಿಬಿದ್ದರು. ಎಲ್ಲ ಮಕ್ಕಳೂ ತಲೆ ಮುಚ್ಚಿಕೊಂಡು ಬರುತ್ತಾರೆ ಎಂದು ಮೇಲೆ ಬರೆದು ಕೊಟ್ಟಾಗಿದೆ, ಫೋಟೋಕ್ಕಾಗಿ ಹಾಕಿಸಿದ್ದು ಎಂದು ನೀವೇ ಬರೆದರೆ ನಾಳೆ ಎಲ್ಲ ಸಾಲಿಗಳ ಫೋಟೋ ಕೆದಕುತ್ತಾರೆ, ನಿಮಗೆ ನೋಟೀಸು ಬರುತ್ತದೆ, ನನಗೂ ಬರುತ್ತದೆ ಎಂದರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರ ಬಂದವರು, ಅಲ್ಲಿಯವರೆಗೆ ಹೇಗೋ ನೆರಳಲ್ಲಿ ನಡೆದು ಮುಗಿಸಬೇಕೆನ್ನುವವರು. ಈ ವಾರ ಹೇಗೋ ಕಳೆದರೆ ಸೂಟಿ ಬಂತು, ಹುಡುಗನೂ ಮನೆಯಲ್ಲೇ ಇರುತ್ತಾನೆ ಎಂದು ಅವರು ಹೇಳಿದ್ದರಲ್ಲಿ ಲೆಕ್ಕ ತಪ್ಪೇನೂ ಇರಲಿಲ್ಲ.

ಆ ವಾರವೇ ಅವಳಿಗೆ ಹೆದರಿಕೆ ತಂದದ್ದು. ಬಸ್ಸಿನಲ್ಲಿ ನಿಂತೇ ಬಂದಳು, ಮನೆಗೆ ಬಂದು ಚಹಾಕ್ಕಿಟ್ಟಳು, ಕುದಿಯುವವರೆಗೂ ಮೊಬೈಲು ಹಿಡಿದು ನಿಂತಳು. ಕಾದ ಆ ನೆತ್ತಿ ಇನ್ನೂ ಅಂಗೈಯಲ್ಲಿತ್ತು. ತನಗೂ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. ನೋಟೀಸಿನ ಉತ್ತರ, ಅದರ ಮೇಲೊಂದು ಉತ್ತರ, ಅಕ್ಕಲಕೋಟದ ಕಚೇರಿಯ ಬೆಂಚಿನ ಮೇಲೆ ಕಾಯುವುದು, ಇದನ್ನೆಲ್ಲ ನೆನೆಸಿದರೇ ಮೈ ಕುಸಿಯುತ್ತಿತ್ತು. ಆದರೂ ಬರೆದಳು. 'ಟೋಪಿ ಹಾಕಿದ ಫೋಟೋದಲ್ಲಿ ಕಾಂತೇಶನಿಗೆ ನಾನು ಬಲವಂತದಿಂದ ಒಂದು ನಿಮಿಷ ಟೋಪಿ ಇಟ್ಟಿದ್ದೆ. ಅವನ ಮನೆಯವರಿಗೆ ತಿಳಿಸಿರಲಿಲ್ಲ. ಅವನ ದುಃಖ ಇನ್ನೂ ಕಳೆದಿಲ್ಲ. ಅವನ ತಲೆ ಇಂದಿಗೂ ಬರಿದೇ ಇದೆ. ತಪ್ಪು ನನ್ನದು.' ಗುಂಪಿನಲ್ಲಿ ಅರ್ಧ ಜನಕ್ಕೆ ಕನ್ನಡ ಓದಲು ಬಾರದು ಎಂದು ನೆನಪಾಗಿ, ಅದನ್ನೇ ಮರಾಠಿಯಲ್ಲೂ ಬರೆದಳು. ಎರಡನ್ನೂ ಕಳಿಸಿ ಚಹಾ ಕುಡಿದಳು.

ಗುಂಪಿನಲ್ಲಿ ಯಾರೋ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ನಿತಿನ ಓದಿ, ನಿನಗೆ ಉಸಾಬರಿ ಯಾಕೆ ಬೇಕಿತ್ತು ಎಂದವನು, ಸ್ವಲ್ಪ ಹೊತ್ತಾದ ಮೇಲೆ, ತನಗೆ ವಿಜಯಪುರದ ಮಾವ ಬರುವವರೆಗೆ ಜೀವ ಹೇಗಾಗಿತ್ತು ಗೊತ್ತೇ ಎಂದು ಬೇರೆ ಕಡೆ ನೋಡುತ್ತ ಹೇಳಿದ. ಮೂರನೆಯ ದಿನ ನೋಟೀಸು ಬಂತು. ಬಸಯ್ಯ ಸರ್ ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡುವುದನ್ನು ನಿಲ್ಲಿಸಿದರು.

ಅಷ್ಟು ದಿನವೂ ಕಾಂತೇಶ ಛತ್ರಿಯನ್ನು ಬಗಲಲ್ಲಿ ಇಟ್ಟುಕೊಂಡೇ ಹೋದ. ಶುಭಾಂಗಿ ಅವನ ಪರೀಕ್ಷೆ ಮುಗಿದ ಮೇಲೂ ಬಿಡದೆ, ನೀರು ಕುಡಿಸಿ, ಒದ್ದೆ ಬಟ್ಟೆಯಿಂದ ಕುತ್ತಿಗೆ ಒರೆಸಿ, ಅರ್ಧ ದಾರಿಯವರೆಗೆ ತಾನೇ ಛತ್ರಿ ಹಿಡಿದು ಜೊತೆಗೆ ನಡೆದು, ತನ್ನ ಬಸ್ಸು ತಪ್ಪಿಸಿಕೊಂಡಳು. ಅವನು ಅವಳ ಛತ್ರಿಯ ನೆರಳಿನಿಂದಲೂ ಒಂದು ಹೆಜ್ಜೆ ಆಚೆಗೇ ನಡೆಯುತ್ತಿದ್ದ. ಹತ್ತಿರ ಬಾ ಎಂದರೆ ಬರುತ್ತಿದ್ದ, ಸ್ವಲ್ಪ ದೂರ ಹೋದ ಮೇಲೆ ಮತ್ತೆ ಆಚೆ.

ಧೂಳಪ್ಪ ಮಾತಿನವನು. ಸೋಮವಾರ ಬರುವುದಾಗಿ ಹೇಳಿ ಕಳಿಸಿದ. ಲಕ್ಷ್ಮೀಬಾಯಿ ಕುಂಕುಮ ಹಿಡಿದು ಸಾಲಿಗೇ ಬಂದು ಶುಭಾಂಗಿಯನ್ನು ಕರೆದಳು. ಸಾಲಿ ಬಿಟ್ಟ ಮೇಲೆ ಅವಳು ವಸ್ತಿಗೆ ಹೋದಾಗ ಮನೆಯ ಮುಂದೆ ಹಂದರದ ಕೆಳಗೆ ಹತ್ತಾರು ಜನ ಕೂತಿದ್ದರು. ಅಣ್ಣ ಬಂದು ಹೊಸ್ತಿಲ ಹೊರಗೆ ನಿಂತ. ತಂಗಿ ಒಳಗೆ ನಿಂತಳು. ದ್ರೌಪದಿ ಒಂದು ತಂಬಿಗೆ ನೀರು ಕೊಟ್ಟಳು, ಧೂಳಪ್ಪ ಅದನ್ನು ಎತ್ತಿ ಗಟಗಟ ಕುಡಿದ. ನೋಡುತ್ತಿದ್ದ ಹೆಂಗಸರು ಕಣ್ಣು ಒರೆಸಿಕೊಂಡರು. ಶುಭಾಂಗಿಗೆ ನೋಟೀಸು ಬಂದದ್ದು ಕೂಡ ಆ ಹೊತ್ತಿಗೆ ಹಗುರಾಯಿತು.

ದ್ರೌಪದಿ ಅಣ್ಣ ತಂದ ಸೀರೆ ಉಟ್ಟು ಬಂದಳು. ಕಾಂತೇಶನನ್ನು ಮಣೆಯ ಮೇಲೆ ಕೂಡಿಸಿದರು. ಧೂಳಪ್ಪ ಹೊಸ ಟಾವೆಲ್ಲಿನ ಮಡಿಕೆ ಬಿಚ್ಚಿ, ಅಳಿಯನ ತಲೆಗೆ ಒಂದೊಂದೇ ಸುತ್ತು ಬಿಗಿಯುತ್ತ ಬಂದ. ಹುಡುಗ ಮೊದಲ ಸುತ್ತಿಗೆ ಸುಮ್ಮನಿದ್ದ. ಎರಡನೆಯ ಸುತ್ತಿಗೆ ಅವನ ಕೈ ಮೇಲೆ ಬಂದು ಮಾವನ ಮುಂಗೈ ಹಿಡಿಯಿತು. ಬಿಗಿಯಾಯಿತೇನೋ ಎಂದು ಧೂಳಪ್ಪ ಸಡಿಲು ಮಾಡಿದ. ಅದು ಬಿಗಿಯ ಮಾತಾಗಿರಲಿಲ್ಲ.

"ಇದು ಕಟ್ಟಿದರ ಅಪ್ಪಂದು ಮುಗದಂಗ ಅಲ್ಲೇನ್ರಿ ಬಾಯಾರ?" ಎಂದು ಅವನು ಶುಭಾಂಗಿಯ ಕಡೆ ತಿರುಗಿ ಕೇಳಿದ. "ತಲಿ ಸುಡತಿದ್ದರ ಅಪ್ಪ ಮೊನ್ನೆ ಮೊನ್ನೆ ಹೋದಂಗ ಅನಸ್ತಿತ್ರಿ."

ಹಂದರದಲ್ಲಿದ್ದವರೆಲ್ಲ ಬಾಯಾರ ಮುಖ ನೋಡಿದರು. ಉತ್ತರ ಹೇಳುವುದು ಅವಳ ಕೆಲಸವಲ್ಲವೇ. ಅವಳಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಇಷ್ಟು ದಿನ ಯಾರು ಕಟ್ಟಬೇಕು, ಯಾರು ಒಪ್ಪಿಕೊಳ್ಳಬೇಕು ಎಂದು ಓಡಾಡಿದವರಲ್ಲಿ ಒಬ್ಬರೂ ಆ ಹುಡುಗನನ್ನು ಒಂದು ಮಾತು ಕೇಳಿರಲಿಲ್ಲ. ಅವನು ಬಿಸಿಲಿನಲ್ಲಿ ಬೇಕೆಂದೇ ನಡೆಯುತ್ತಿದ್ದ. ಧೂಳಪ್ಪನ ಕೈ ಟಾವೆಲ್ಲಿನ ತುದಿ ಹಿಡಿದು ಅಲ್ಲೇ ನಿಂತಿತ್ತು. ಕಟ್ಟಲೋ ಬಿಚ್ಚಲೋ ತಿಳಿಯದೆ ಅವನು ತಂಗಿಯನ್ನು ನೋಡಿದ.

ಅಲ್ಲಿಯವರೆಗೆ ಬಾಯಿ ಬಿಡದ ದ್ರೌಪದಿ ಮಣೆಯ ಹತ್ತಿರ ಬಂದು ಮಗನ ಮುಂದೆ ಕುಕ್ಕರಿಸಿದಳು. ಮಾವನ ಮುಂಗೈಯಿಂದ ಅವನ ಬೆರಳುಗಳನ್ನು ಬಿಡಿಸಿದಳು.

"ನೋಡು, ನನಗೂ ಅಣ್ಣ ಸೀರಿ ತಂದಾನ, ಉಟ್ಟೀನಿ. ನಂದೇನು ಮುಗದಿಲ್ಲ, ಮುಗಿಯೂದೂ ಇಲ್ಲ" ಎಂದಳು. "ಅಪ್ಪಂದು ನಾ ಇಟಗೊಂಡಿರ್ತೀನಿ. ನಿಂದೂ ನನ್ನ ಕಡೆ ಕೊಡು. ನೀ ತಲಿ ಮುಚಗೊಂಡು ಸಾಲಿಗಿ ಹೋಗು."

ಕಾಂತೇಶ ಅವಳ ಮುಖವನ್ನು ನೋಡಿ, ಟೋಪಿಯ ದಿನ ಶುಭಾಂಗಿಯ ಎದುರು ಬಗ್ಗಿಸಿದ ಹಾಗಲ್ಲ, ತಾನಾಗಿಯೇ ಕುತ್ತಿಗೆ ಬಗ್ಗಿಸಿದ. ಧೂಳಪ್ಪ ಉಳಿದ ಸುತ್ತು ಮುಗಿಸಿ ತುದಿ ಸಿಕ್ಕಿಸಿ, ಅಳಿಯನ ಕೈ ಹಿಡಿದು ಹೊಸ್ತಿಲು ದಾಟಿಸಿದ. ಹೊರಗೆ ಬಿಸಿಲು ಕಾದು ನಿಂತಿತ್ತು. ಹುಡುಗ ಹಂದರದ ಅಂಚಿನವರೆಗೆ ನಡೆದು ಹೋಗಿ, ಅಲ್ಲಿಂದ ಮುಂದೆ ಹೋಗಲಾರದೆ, ಟಾವೆಲ್ಲಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಅಪ್ಪ ಸತ್ತ ಮೇಲೆ ಮೊದಲ ಸಲ ಅತ್ತ.